ಡಂಗುರ ಸಾರಿಸಲಾಗಿದೆ

ಗುರುವಾರ ಆ ಮನೆಯಲ್ಲಿ ಹಾಗಲಕಾಯಿ ಬೇಯುತ್ತಿರಲಿಲ್ಲ. ಗುರುವಾರ ಸರ್ಕಾರದ ರಾಜ್ಯಪತ್ರ ಹೊರಬೀಳುವ ದಿನ. ಮಗಳ ಹೆಸರು ಅದರಲ್ಲಿ ಬರಬೇಕು. ಬರುವ ದಿನ ಒಲೆಯ ಮೇಲೆ ಕಹಿ ಇರಬಾರದು ಎಂದು ಚಿಕ್ಕನಂಜಮ್ಮ ತಾನಾಗೇ ಒಂದು ಕಟ್ಟಳೆ ಮಾಡಿಕೊಂಡಿದ್ದಳು.

ಶೋಭಾರಾಣಿ ದ್ವಿತೀಯ ದರ್ಜೆ ಸಹಾಯಕರ ಪರೀಕ್ಷೆ ಬರೆದು ಒಂದು ವರ್ಷವಾಗಿತ್ತು. ಪ್ರತಿ ಗುರುವಾರ ಮಧ್ಯಾಹ್ನ ಅವಳು ಹಿತ್ತಿಲ ಬಟ್ಟೆಕಲ್ಲಿನ ಮೇಲೆ ಕೂರುತ್ತಿದ್ದಳು. ಆಲದಕೊಪ್ಪಲಿನ ಕೆಳಬೀದಿಗೆ ಸಿಗ್ನಲ್ ಸಿಗುವುದು ಅಲ್ಲಿ ಮಾತ್ರ. ಮುನ್ನೂರು ಚಿಲ್ಲರೆ ಪುಟದ ಗೆಜೆಟ್ಟು ಮೊಬೈಲಿಗೆ ಇಳಿಯುವ ತನಕ ಕಾಯುವುದು, ತನ್ನ ನೋಂದಣಿ ಸಂಖ್ಯೆ ಹುಡುಕುವುದು, ಇಲ್ಲವೆಂದು ಕಂಡರೆ ಮುಚ್ಚಿಬಿಡುವುದು. ಉಳಿದ ಪುಟಗಳಲ್ಲಿ ಏನಿರುತ್ತದೆ ಎಂದು ಅವಳು ಒಂದು ದಿನವೂ ನೋಡಿದವಳಲ್ಲ.

"ಬಂತೇನವ್ವ?" ಅಡುಗೆಮನೆಯಿಂದ ತಾಯಿ ಕೂಗುತ್ತಿದ್ದಳು.

"ಇಲ್ಲ ಕಣವ್ವ."

"ಬತ್ತದೆ ಬುಡು, ಮುಂದಿನ್ ವಾರ."

"ನಮ್ ಸೋಬಿ ಎಸ್ರು ಬರ್ಯೊ ಒತ್ಗೆ ಸರ್ಕಾರದೋರ್ಗೆ ಇಂಕು ಮುಗ್ದೋಯ್ತದೇನೊ," ಎಂದು ಜಗುಲಿಯ ಮೇಲೆ ಸೊಪ್ಪು ಸೋಸುತ್ತ ಬೆಟ್ಟಮ್ಮ ನಗುತ್ತಿದ್ದಳು.

ಬೆಟ್ಟಮ್ಮ ಶೋಭಾಳ ಸೋದರತ್ತೆ. ಅಪ್ಪ ಹುಚ್ಚೀರಯ್ಯನ ಅಕ್ಕ. ಮಕ್ಕಳಿಲ್ಲ. ಗಂಡ ತೀರಿದ ಮೇಲೆ ಅದೇ ಬೀದಿಯ ತಮ್ಮನ ಮನೆಗೆ ಬಂದವಳು ಬರಿಗೈಯಲ್ಲಿ ಬಂದಿರಲಿಲ್ಲ. ಊರಾಚೆಯ ಸರ್ಕಾರಿ ಖರಾಬು ಬೀಳುಭೂಮಿಯಲ್ಲಿ ಗಂಡನಿಗೆ ಮಂಜೂರಾಗಿದ್ದ ಹದಿನೆಂಟು ಗುಂಟೆ ಇತ್ತು. ಸಾಗುವಳಿ ಚೀಟಿ ಎಂಬ ಒಂದು ಕಾಗದ ಟ್ರಂಕಿನಲ್ಲಿತ್ತು. ಅಳತೆಯಾಗಿ ಪಹಣಿಗೆ ಹೆಸರು ಏರಿರಲಿಲ್ಲ, ಅಷ್ಟೆ. ಮನೆಯ ರಾಗಿ, ಸಾಲಿನ ಅವರೆ, ದಿನ ಬೆಳಗಾದರೆ ಸಾರಿಗೆ ಬೀಳುವ ದಂಟು, ಕೀರೆ, ಎಲ್ಲವೂ ಅಲ್ಲಿಂದಲೇ. "ತಮ್ಮನ್ ಮನೇಲಿ ಉಣ್ತಾವ್ಳೆ ಅಂತ ಯಾರೂ ಅನ್ನಂಗಿಲ್ಲ ಕಣಮ್ಮಿ. ನನ್ ಸೊಪ್ಪ ನಾನ್ ಉಣ್ತೀನಿ," ಎನ್ನುವುದು ಅವಳ ದಿನನಿತ್ಯದ ಮಾತು.

ಹುಚ್ಚೀರಯ್ಯ ಗ್ರಾಮ ಸಹಾಯಕ. ಅವನ ಅಪ್ಪನೂ ಅದೇ ಕೆಲಸದವನು. ಆಗ ಅದಕ್ಕೆ ಹೆಸರು ಬೇರೆ ಇತ್ತು. ಕಂದಾಯ ಕಟ್ಟುವ ದಿನ, ನಾಲೆಗೆ ನೀರು ಬಿಡುವ ದಿನ, ಮಕ್ಕಳಿಗೆ ಪೋಲಿಯೊ ಹನಿ ಹಾಕಿಸುವ ದಿನ, ಎಲ್ಲವನ್ನೂ ಅವನು ತಮಟೆ ಬಡಿದು ಸಾರುತ್ತಿದ್ದ. ಬೆಟ್ಟಮ್ಮ ಹುಲ್ಲಿನ ಬೆಂಕಿ ಹಾಕಿಕೊಡುವಳು, ಅವನು ಚರ್ಮ ಕಾಯಿಸಿಕೊಂಡು ಹೊರಡುವನು. ಮೇಲುಬೀದಿ, ನಡುಬೀದಿ, ಕೆಳಬೀದಿ. ಮೂರು ಕಡೆ ನಿಂತು ಕೂಗಿದರೆ ಊರಿಗೆಲ್ಲ ಗೊತ್ತಾಯಿತೆಂದೇ ಲೆಕ್ಕ.

ಎರಡು ವರ್ಷದ ಕೆಳಗೆ ಅದು ನಿಂತಿತು. ನೋಟ್ಸ್ ಕೊಡಲು ಯಲಿಯೂರಿನ ಯತೀಶ್ ಬೈಕಿನಲ್ಲಿ ಬಂದಿದ್ದ. ಮಂಡ್ಯದ ಕಾಲೇಜಿನಲ್ಲಿ ಶೋಭಾಳ ಜೊತೆ ಓದಿದವನು. ಬೀದಿಯಲ್ಲಿ ಹುಚ್ಚೀರಯ್ಯ ತಮಟೆ ಬಡಿಯುತ್ತ ನೀರಿನ ಕಂದಾಯದ ಗಡುವು ಕೂಗುತ್ತಿದ್ದ. ಯತೀಶ್ ನಗುತ್ತ ವಿಡಿಯೊ ಮಾಡಿಕೊಂಡ. ಸಂಜೆ ತರಗತಿಯ ಗುಂಪಿನಲ್ಲಿ ಅದು ಬಂತು. ಕೆಳಗೆ ಬರೆದಿದ್ದ: "ಶೋಭಾ ಮನೆಯ ಬ್ರೇಕಿಂಗ್ ನ್ಯೂಸ್." ನಲವತ್ತೊಂದು ಮಂದಿ ನಗುವ ಮುಖ ಒತ್ತಿದ್ದರು.

ಶೋಭಾ ಎರಡು ದಿನ ಉಣ್ಣಲಿಲ್ಲ. ಮೂರನೆಯ ದಿನ ಅಪ್ಪನ ಮುಂದೆ ಕೂತಳು.

"ಇನ್ಮೇಲೆ ಅದನ್ನ ಮುಟ್ಟಬಾರ್ದು ಅಪ್ಪ. ಯಾವ ಜಾತಿಯೋರು ಯಾಕೆ ಇದನ್ನ ಬಡೀತಾರೆ ಅಂತ ನಿಂಗೆ ಗೊತ್ತಿಲ್ವಾ? ಮೇಲುಬೀದಿಯೋರು ಯಾರಾದ್ರೂ ಒಂದಿನ ಬಡ್ದವ್ರಾ?"

"ಕೆಲ್ಸ ಅಲ್ವೇನವ್ವ?"

"ಕೆಲ್ಸ ಕಾಗದ ಅಂಟ್ಸೋದು. ಅಂಟ್ಸು, ಬಾ. ಡಂಗುರ ಸಾರಿದೆ ಅಂತ ನಾನ್ ಬರ್ಕೊಡ್ತೀನಿ."

ತಮಟೆ ಅಟ್ಟ ಸೇರಿತು. ಅಂದಿನಿಂದ ಯಾವ ನೋಟೀಸು ಬಂದರೂ ಅದನ್ನು ಚಾವಡಿಯ ಗೋಡೆಗೆ ಅಂಟಿಸುವುದು, ಸಾರಿದ್ದಾಯಿತೆಂಬ ಮಹಜರನ್ನು ಶೋಭಾ ಬರೆದುಕೊಡುವುದು, ಪುಟ್ಟಸ್ವಾಮಿಯ ಟೀ ಅಂಗಡಿಯಲ್ಲಿ ಕೂತವರಿಂದ ನಾಲ್ಕು ಸಹಿ ಹಾಕಿಸುವುದು. "ಸದರಿ ಅಧಿಸೂಚನೆಯ ಪ್ರತಿಯನ್ನು ಗ್ರಾಮ ಚಾವಡಿಯ ಗೋಡೆಗೆ ಅಂಟಿಸಿ, ಗ್ರಾಮದ ಎಲ್ಲಾ ಬೀದಿಗಳಲ್ಲಿ ಡಂಗುರ ಸಾರಿಸಲಾಗಿದೆ." ಶೋಭಾಳ ಅಕ್ಷರ ಮುತ್ತಿನಂಥದು. ಮೇಲಿನವರು ಯಾರೂ ಕೇಳಲಿಲ್ಲ.

ಜೂನ್ ತಿಂಗಳಲ್ಲಿ ಒಂದು ಕಾಗದ ಬಂತು. ಐದು ಹಾಳೆ, ರಾಜ್ಯಪತ್ರದ ನಕಲು. ಹುಚ್ಚೀರಯ್ಯ ಅದನ್ನು ಅಂಗಿಯೊಳಗೆ ಮಡಚಿ ತಂದಾಗ ಶೋಭಾ ಕುಕ್ಕರಿನ ಮೂರನೆಯ ಕೂಗಿಗೆ ಕಾಯುತ್ತಿದ್ದಳು. ಮೊಣಕಾಲ ಮೇಲೆ ದಾಖಲೆ ಪರಿಶೀಲನೆಗೆ ಜೋಡಿಸಿಕೊಂಡಿದ್ದ ಅಂಕಪಟ್ಟಿಗಳು.

"ಏನಪ್ಪ ಇದು?"

"ಯಾವ್ದೊ ಕೈಗಾರಿಕೆ ಜಾಗದ್ದಂತೆ. ಮೇಲುಬೀದಿಯೋರ್ದು ಜಮೀನು ಓಯ್ತದಂತೆ. ಬರ್ಕೊಡವ್ವ, ನಾಳೆ ಕೊಡ್ಬೇಕು."

ಮೂರನೆಯ ಕೂಗಿನೊಳಗೆ ಅವಳು ಮಹಜರು ಬರೆದು ಮುಗಿಸಿದಳು. ಹಾಳೆಗಳನ್ನು ತಿರುವಿ ನೋಡಲಿಲ್ಲ.

ಆಗಸ್ಟ್ ಮೊದಲ ವಾರ ಬೆಟ್ಟಮ್ಮ ಹೊತ್ತಿಗೆ ಮುಂಚೆ ಹೊಲದಿಂದ ಬಂದಳು. ಮಡಿಲಲ್ಲಿ ಸೊಪ್ಪಿರಲಿಲ್ಲ. ಎಲ್ಲರೂ ಮುದ್ದೆಗೆ ಕೂತಿದ್ದರು. ಶೋಭಾಳ ಅಣ್ಣ ಸಿದ್ದರಾಮು ವಿ.ಸಿ. ಫಾರಂನ ಕೃಷಿ ಕೇಂದ್ರದಲ್ಲಿ ದಿನಗೂಲಿ ಮುಗಿಸಿ ಆಗತಾನೆ ಕೈ ತೊಳೆದಿದ್ದ.

"ನನ್ ಒಲ್ದಲ್ಲಿ ಕಲ್ ನೆಟ್ಟವ್ರೆ ಕಣ್ಲಾ ಹುಚ್ಚೀರ," ಎಂದಳು. "ಅಳ್ದಿ ಬಣ್ಣದ್ದು. ನಾಕ್ ಜನ ಬಂದಿದ್ರು. ದಂಟೆಲ್ಲ ತುಳ್ದಾಕವ್ರೆ. ಯಾಕ್ರಪ್ಪ ಅಂದ್ರೆ, ಅಜ್ಜಿ ಇದು ಸರ್ಕಾರದ್ದು, ಗೆಜೆಟ್ಟಲ್ಲಿ ಬಂದದೆ ಅಂತಾರೆ. ಗೆಜೆಟ್ಟು ಅಂದ್ರೆ ನಮ್ ಸೋಬಿದಲ್ವಾ? ನೋಡವ್ವ ಒಸಿ."

ಶೋಭಾ ಎಂಜಲು ಕೈಯಲ್ಲೇ ಮೊಬೈಲು ತೆಗೆದಳು. ಹುಡುಕಲು ಹಿತ್ತಿಲಿಗೆ ಹೋಗುವ ಅಗತ್ಯ ಬೀಳಲಿಲ್ಲ. ಅಪ್ಪ ತಂದಿದ್ದ ನಕಲಿನ ಮೂಲ, ಜೂನ್ ತಿಂಗಳ ಆ ಗುರುವಾರದ ಗೆಜೆಟ್ಟು, ಅವಳ ಮೊಬೈಲಿನೊಳಗೇ ಇತ್ತು. ತನ್ನ ಸಂಖ್ಯೆ ಇಲ್ಲವೆಂದು ಮುಚ್ಚಿದ ಅದೇ ಕಡತ. ಇನ್ನೂರ ಹನ್ನೆರಡನೆಯ ಪುಟದಲ್ಲಿ ಆಲದಕೊಪ್ಪಲು. ಮೇಲುಬೀದಿಯ ಒಂಬತ್ತು ಹೆಸರು, ಸರ್ವೆ ನಂಬರು. ಹತ್ತನೆಯದು ಎಂಬತ್ತೇಳನೆಯ ಸರ್ವೆ ನಂಬರು. ಹೆಸರಿನ ಜಾಗದಲ್ಲಿ "ಸರ್ಕಾರಿ ಖರಾಬು". ಕೆಳಗೆ ಸಣ್ಣ ಅಕ್ಷರದಲ್ಲಿ: ಹಿತಾಸಕ್ತಿಯುಳ್ಳವರು ಮೂವತ್ತು ದಿನದೊಳಗೆ ತಕರಾರು ಸಲ್ಲಿಸತಕ್ಕದ್ದು.

ಮೂವತ್ತು ದಿನ ಕಳೆದು ಹತ್ತೊಂಬತ್ತು ದಿನವಾಗಿತ್ತು.

"ಏನ್ ಬರ್ದವ್ರೆ?" ಬೆಟ್ಟಮ್ಮ ಕೇಳಿದಳು.

"ನೋಡ್ತೀನಿ ಅತ್ತೆ. ನೆಟ್ ಬರ್ತಿಲ್ಲ," ಎಂದಳು ಶೋಭಾ.

ಮಾರನೆಯ ದಿನ ಬೆಟ್ಟಮ್ಮ ತಾನೇ ಪುಟ್ಟಸ್ವಾಮಿಯ ಅಂಗಡಿಗೆ ಹೋಗಿ ಕೇಳಿಕೊಂಡು ಬಂದಳು. ಅವನದೂ ಎರಡೆಕರೆ ಪಟ್ಟಿಯಲ್ಲಿತ್ತು. "ನಮ್ಗೆಲ್ಲ ಪೋಸ್ಟಲ್ಲಿ ಕಾಗ್ದ ಬಂತು ಕಣಮ್ಮ, ಪಾಣೀಲಿ ಎಸ್ರು ಇತ್ತಲ್ಲ. ನಾವು ತಕರಾರು ಆಕುದ್ವಿ, ಪರಿಹಾರ ಜಾಸ್ತಿ ಕೇಳುದ್ವಿ. ನಿಂದು ಎಸ್ರಿಲ್ಲ. ನಿಂಗೆ ಸಾರುದ್ರೆ ಉಂಟು, ಇಲ್ದಿದ್ರೆ ಇಲ್ಲ," ಎಂದನಂತೆ. ಮಹಜರಿಗೆ ಮೊದಲ ಸಹಿ ಹಾಕಿದವನು ಅವನೇ ಎಂಬುದನ್ನು ಅವನು ಹೇಳಲಿಲ್ಲ. ಬಹುಶಃ ನೆನಪೂ ಇರಲಿಲ್ಲ.

ಅಂದು ಮನೆಯಲ್ಲಿ ಜಗಳ ಹೊತ್ತಿಕೊಂಡಿತು. ಬೆಟ್ಟಮ್ಮ ಎಮ್ಮೆಗೆ ನೀರು ಕುಡಿಸಲು ಹೋಗಿದ್ದಳು.

"ಬರೆದವ್ಳು ನೀನು," ಸಿದ್ದರಾಮು ತಂಗಿಯ ಕಡೆ ಬೆರಳು ಮಾಡಿದ. "ಮೂರ್ ಬೀದೀಲೂ ಸಾರುದ್ರು ಅಂತ. ಯಾವ್ ಬೀದೀಲಮ್ಮ ಸಾರುದ್ರು?"

"ಓದ್ದೆ ಬರೆದೆ. ಬೇಕು ಅಂತ ಮಾಡಿದ್ನಾ?"

"ಇಬ್ರೂ ಓಗಿ ಸತ್ಯ ಏಳಿ. ಸಾರಿಲ್ಲ ಅಂದ್ರೆ ತಕರಾರು ಈಗ್ಲೂ ತಕ್ಕತಾರಂತೆ. ವಿಚಾರ್ಸ್ಕಂಡ್ ಬಂದಿವ್ನಿ."

"ಏಳುದ್ರೆ ಅಪ್ಪನ್ ಕೆಲ್ಸ?" ಚಿಕ್ಕನಂಜಮ್ಮ ಸೌಟು ಹಿಡಿದೇ ಬಂದಳು. "ರಿಟೈರಾಗಕ್ಕೆ ಅದಿನಾಕ್ ತಿಂಗ್ಳು ಉಳ್ದದೆ. ಸುಳ್ ಮಾಜರು ಅಂತ ಕಿತ್ತಾಕ್ತಾರೆ. ಇವ್ಳ ಪಟ್ಟಿ ಬರೊ ಒತ್ತಲ್ಲಿ ಪೋಲೀಸ್ನೋರು ವಿಚಾರ್ಸಕ್ಕೆ ಬತ್ತಾರೆ. ಆಗೇನಂತ ಏಳದು?"

"ಅತ್ತೆ ಒಲ?"

"ಮೂರ್ ಜನ ಸೇರಿ ನನ್ ತಿನ್ನಬ್ಯಾಡ್ರಪ್ಪ," ಎಂದ ಹುಚ್ಚೀರಯ್ಯ, ತಟ್ಟೆ ಸರಿಸುತ್ತ. "ತಮಟೆ ಬುಡು ಅಂದ್ರಿ, ಬುಟ್ಟೆ. ಬಡ್ದಿದ್ರೆ ಈ ಗತಿ ಬತ್ತಿತ್ತಾ?"

ಶೋಭಾ ಎದ್ದು ಪಾತ್ರೆ ತೊಳೆಯಲು ಕೂತಳು. ಒಂದೇ ಪಾತ್ರೆಯನ್ನು ಬೂದಿ ಹಾಕಿ ತಿಕ್ಕಿದಳು, ತೊಳೆದಳು, ಮತ್ತೆ ಬೂದಿ ಹಾಕಿದಳು.

ಎರಡು ವಾರದ ಮೇಲೆ, ಗುರುವಾರ, ಅವಳ ಸಂಖ್ಯೆ ಬಂತು. ಆಯ್ಕೆಪಟ್ಟಿ, ಎಪ್ಪತ್ತೆಂಟನೆಯ ಪುಟ. ಚಿಕ್ಕನಂಜಮ್ಮ ಬೀದಿಗೆಲ್ಲ ಸಕ್ಕರೆ ಹಂಚಿದಳು. ಸಿದ್ದರಾಮು ಜಗಳ ಮರೆತು ಮದ್ದೂರಿಗೆ ಹೋಗಿ ಆ ಪುಟವನ್ನು ಮುದ್ರಿಸಿ, ಲ್ಯಾಮಿನೇಷನ್ ಮಾಡಿಸಿ ತಂದು ದೇವರ ಪಟದ ಪಕ್ಕ ಮೊಳೆ ಹೊಡೆದ. ಬೆಟ್ಟಮ್ಮ ಸೆರಗಿನಿಂದ ಅದರ ಮೇಲಿನ ಬೆರಳಚ್ಚು ಒರೆಸಿದಳು.

"ಯಾವ್ದು ಕೂಸೆ ನಿನ್ನೆಸ್ರು?"

ಶೋಭಾ ತೋರಿಸಿದಳು.

"ನನ್ ಒಲ ಬಂದಿದ್ದೂ ಇದ್ರಲ್ಲೇಯ?"

"ಇದೇ ಅತ್ತೆ. ಬೇರೆ ವಾರದ್ದು."

"ಅಂಗಾರೆ ಒಳ್ಳೇದೂ ಬತ್ತದೆ ಇದ್ರಲ್ಲಿ," ಎಂದು ಬೆಟ್ಟಮ್ಮ ಸಕ್ಕರೆ ಬಾಯಿಗೆ ಹಾಕಿಕೊಂಡಳು. ಅವಳ ಮುಖದಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ವಾಸಿಯಿತ್ತು ಎಂದು ಶೋಭಾಳಿಗೆ ಅನ್ನಿಸಿತು.

ಸಿದ್ದರಾಮು ಬಿಡಲಿಲ್ಲ. ಸಾಗುವಳಿ ಚೀಟಿಯ ನಕಲು ಇಟ್ಟು ಅತ್ತೆಯ ಹೆಸರಿನಲ್ಲಿ ಅರ್ಜಿ ಹಾಕಿಸಿದ. ಮಂಡ್ಯದಲ್ಲಿ ವಿಚಾರಣೆಗೆ ಬನ್ನಿ ಎಂದು ಕಾಗದ ಬಂತು. ಚಿಕ್ಕನಂಜಮ್ಮನನ್ನೂ ಒಪ್ಪಿಸಿ ಮನೆಯವರೆಲ್ಲ ಕೂತು ಒಂದು ತೀರ್ಮಾನ ಮಾಡಿದರು: ತಮಟೆ ಕೇಳಿಸಲಿಲ್ಲ ಎಂದು ಬೆಟ್ಟಮ್ಮ ಹೇಳುವುದು, ಕರೆದು ಕೇಳಿದರೆ ಹುಚ್ಚೀರಯ್ಯ ಒಪ್ಪಿಕೊಳ್ಳುವುದು. ಬೆಟ್ಟಮ್ಮನಿಗೆ ಎಷ್ಟು ಗೊತ್ತೆಂದು ಯಾರೂ ಕೇಳಲಿಲ್ಲ. ತಮಟೆ ಅಟ್ಟ ಸೇರಿದ್ದು ಅವಳಿಗೂ ಗೊತ್ತು. ಅದರ ಬದಲಿಗೆ ಕಾಗದದಲ್ಲಿ ಏನು ಬರೆಯುತ್ತಿದ್ದರು ಎಂಬುದನ್ನು ಅವಳಿಗೆ ಯಾರೂ ಹೇಳಿರಲಿಲ್ಲ.

ವಿಚಾರಣೆಯ ದಿನ ಬೆಳಗ್ಗೆ ಹುಚ್ಚೀರಯ್ಯ ಬಾವಿಕಟ್ಟೆಯಲ್ಲಿ ಗಡ್ಡ ಹೆರೆದುಕೊಳ್ಳುತ್ತಿದ್ದ. ಶೋಭಾ ಅವನಿಗೆ ಕನ್ನಡಿ ಹಿಡಿದಿದ್ದಳು. ಹತ್ತು ಹೆಜ್ಜೆಯಾಚೆ ಜಗುಲಿಯಲ್ಲಿ ಬೆಟ್ಟಮ್ಮ ಹಿಂದಿನ ಸಂಜೆ ತಂದ ಕೀರೆಸೊಪ್ಪು ಬಿಡಿಸುತ್ತಿದ್ದಳು.

"ಅಪ್ಪ," ಎಂದಳು ಶೋಭಾ. "ಮಹಜರು ಯಾರ್ ಬರೆದದ್ದು ಅಂತ ಕೇಳುದ್ರೆ?"

"ನಾನೇ ಅಂತೀನಿ."

"ನಿಂಗೆ ಸಹಿ ಬಿಟ್ಟು ಬೇರೆ ಬರೆಯಕ್ಕೆ ಬರಲ್ಲ ಅಂತ ಆ ಆಫೀಸಿನೋರ್ಗೆಲ್ಲ ಗೊತ್ತು."

ಹುಚ್ಚೀರಯ್ಯನ ಕೈಯ ಬ್ಲೇಡು ಗಲ್ಲದ ಮೇಲೆ ನಿಂತಿತು. ಕನ್ನಡಿಯಲ್ಲಿ ಅವನ ಒಂದು ಕಣ್ಣು ಮಗಳನ್ನು ನೋಡಿತು.

"ಅಂಗಾರೆ ಏನ್ ಏಳ್ಲವ್ವ?"

ಅವಳು ಕನ್ನಡಿಯನ್ನು ಸ್ವಲ್ಪ ಬಾಗಿಸಿ ಹಿಡಿದಳು. ಜಗುಲಿಯಲ್ಲಿ ಸೊಪ್ಪಿನ ದಂಟು ಮುರಿಯುವ ಸದ್ದು ಒಂದು ಗಳಿಗೆ ನಿಂತು, ಮತ್ತೆ ಶುರುವಾಯಿತು.

ಮದ್ದೂರಿನಲ್ಲಿ ಬಸ್ಸು ಬದಲಿಸಿ ಮೂವರೂ ಮಂಡ್ಯ ಸೇರಿದಾಗ ಹನ್ನೊಂದು ಗಂಟೆ. ಅರ್ಜಿದಾರರ ಜೊತೆ ಒಬ್ಬರು ಮಾತ್ರ ಒಳಗೆ ಬರಬಹುದು ಎಂದರು. ಹುಚ್ಚೀರಯ್ಯ ಹೊರಗೆ ಹೊಂಗೆಮರದ ಕೆಳಗೆ ಉಳಿದ, ಕರೆದರೆ ಬರಲು. ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. ಗುಂಡಿಯನ್ನು ಕತ್ತಿನವರೆಗೆ ಹಾಕಿಕೊಂಡಿದ್ದ.

ಅಧಿಕಾರಿ ವಯಸ್ಸಾದವರು, ಕೆಟ್ಟವರಲ್ಲ. ಸಾಗುವಳಿ ಚೀಟಿಯನ್ನು ಎರಡು ಸಲ ಓದಿದರು.

"ಅಜ್ಜಿ, ಕಾಗದ ಸರಿಯಿದೆ. ಮೂವತ್ತು ದಿನದೊಳಗೆ ಬಂದಿದ್ದರೆ ನಿಮ್ಮ ಹೆಸರು ಸೇರಿಸಬಹುದಿತ್ತು. ಈಗ ಒಂದೇ ದಾರಿ. ಊರಿನಲ್ಲಿ ಡಂಗುರ ಹೊಡೆಯಲಿಲ್ಲ, ನಿಮಗೆ ಗೊತ್ತಾಗಲಿಲ್ಲ ಅಂತಾದರೆ ತಡವಾದ ತಕರಾರನ್ನೂ ತಗೋತೀನಿ. ಆದರೆ ಹೊಡೆದಿದ್ದಾರೆ ಅಂತ ಇಲ್ಲಿ ಮಹಜರು ಇದೆ. ಅದು ಸುಳ್ಳು ಅಂತಾದರೆ ಬರೆದವರ ಮೇಲೆ, ಸಹಿ ಹಾಕಿದವರ ಮೇಲೆ ಕ್ರಮ ಆಗುತ್ತೆ. ಯೋಚನೆ ಮಾಡಿ ಹೇಳಿ. ತಮಟೆ ಕೇಳಿಸಿತ್ತಾ?"

ಬೆಟ್ಟಮ್ಮ ಶೋಭಾಳ ಕಡೆ ತಿರುಗಿದಳು. ತಿರುಗಿ, ಕಾದಳು. ಬಸ್ಸಿನಲ್ಲಿ ಟಿಕೆಟ್ಟಿಗೆ ಯಾರು ಕೊಡುತ್ತಾರೆ ಎಂದು ಕಾಯುತ್ತಾರಲ್ಲ, ಅಷ್ಟೇ ಹೊತ್ತು. ಶೋಭಾ ಮೇಜಿನ ಗಾಜಿನ ಕೆಳಗಿದ್ದ ಕ್ಯಾಲೆಂಡರನ್ನು ನೋಡುತ್ತಿದ್ದಳು. ಕಳೆದ ವರ್ಷದ್ದು.

"ಕೇಳುಸ್ತು ಸ್ವಾಮಿ," ಎಂದಳು ಬೆಟ್ಟಮ್ಮ. "ನನ್ ತಮ್ಮನೇಯ ಬಡ್ದ. ಬೆಂಕಿ ಆಕ್ಕೊಟ್ಟೋಳೇ ನಾನು. ನನ್ ಒಲ ಅಂತ ಗೊತ್ತಾಗ್ನಿಲ್ಲ. ನಂದೇ ತಪ್ಪು."

"ಸರಿಯಾಗಿ ನೆನಪಿದೆಯಾ?"

"ಮೂರ್ ಬೀದೀಲೂ ಸಾರ್ದ ಸ್ವಾಮಿ. ಚೆನ್ನಾಗ್ ಸಾರ್ತಾನೆ ಅವ್ನು."

ಅಧಿಕಾರಿ ಕನ್ನಡಕ ತೆಗೆದರು. "ಹಾಗಾದರೆ ನಾನೇನೂ ಮಾಡೋಕಾಗಲ್ಲ. ಹೇಳಿಕೆ ತಗೊಳ್ಳಿ ಮಂಜುಶ್ರೀ."

ಪಕ್ಕದ ಮೇಜಿನ ಮಂಜುಶ್ರೀ ಎಂಬ ಗುಮಾಸ್ತೆಯ ಬಲಗೈಗೆ ಬ್ಯಾಂಡೇಜಿತ್ತು. "ಕೈ ಉಳುಕಿದೆ. ನೀವು ಓದಿದೀರಲ್ಲ, ನೀವೇ ಬರೀರಿ, ನಾನು ಹೇಳ್ತೀನಿ," ಎಂದು ಅವಳು ಶೋಭಾಳಿಗೆ ಹಾಳೆ ಕೊಟ್ಟಳು.

ಶೋಭಾ ಬರೆದಳು. ಗ್ರಾಮದ ಎಲ್ಲಾ ಬೀದಿಗಳಲ್ಲಿ ಡಂಗುರ ಸಾರಿಸಿದ್ದನ್ನು ನಾನು ಖುದ್ದು ಕೇಳಿರುತ್ತೇನೆ. ಅಕ್ಷರ ಎಂದಿನ ಹಾಗೆ ದುಂಡಗೆ ಬಂತು. ಆಮೇಲೆ ಅತ್ತೆಯ ಎಡಗೈ ಹೆಬ್ಬೆಟ್ಟನ್ನು ಹಿಡಿದು ಮಸಿಗೆ ಒತ್ತಿ, ತಾನು ಬರೆದ ವಾಕ್ಯದ ಕೆಳಗೆ ಒತ್ತಿದಳು. ಹೆಬ್ಬೆಟ್ಟು ಒರಟಾಗಿತ್ತು. ಉಗುರಿನ ಸಂದಿಯಲ್ಲಿ ಬೆಳಗಿನ ಸೊಪ್ಪಿನ ಹಸಿರು ಇನ್ನೂ ಇತ್ತು.

ಮಂಜುಶ್ರೀ ಹಾಳೆಯನ್ನು ಕಡತದಲ್ಲಿ ಇಡಲು ಹೋಗಿ ನಿಂತಳು. ಕೆಳಗಿದ್ದ ಮಹಜರನ್ನು ನೋಡಿದಳು. ಮೇಲಿನ ಹೇಳಿಕೆಯನ್ನು ನೋಡಿದಳು. ಮತ್ತೆ ಮಹಜರನ್ನು. ಆಮೇಲೆ ಶೋಭಾಳ ಮುಖವನ್ನು ನೋಡಿದಳು. ಎಡಗೈಯಲ್ಲಿ ಸ್ಟೇಪ್ಲರ್ ತೆಗೆದುಕೊಂಡು ಎರಡೂ ಹಾಳೆಗಳನ್ನು ಸೇರಿಸಿ ಹೊಡೆದಳು.

ಹೊರಗೆ ಹುಚ್ಚೀರಯ್ಯ ಓಡಿಬಂದ. "ಏನಂದ್ರಕ್ಕ? ನನ್ ಕರೀನೇ ಇಲ್ವಲ್ಲ?"

"ಏನೂ ಇಲ್ಲ ಕಣ್ಲಾ. ಒತ್ತು ಮೀರ್ದದೆ ಅಂದ್ರು. ನಡಿ, ಎಮ್ಮೆ ಕಟ್ಟಾಕಿ ಬಂದಿವ್ನಿ," ಎಂದು ಬೆಟ್ಟಮ್ಮ ಮಸಿ ಹತ್ತಿದ ಹೆಬ್ಬೆಟ್ಟನ್ನು ತಲೆಗೂದಲಿಗೆ ತಿಕ್ಕಿಕೊಂಡಳು.

ಬಸ್ಸಿನಲ್ಲಿ ಹುಚ್ಚೀರಯ್ಯ ಮುಂದೆ ಕೂತ. ಶೋಭಾ ಅತ್ತೆಯ ಪಕ್ಕ. ಮದ್ದೂರು ದಾಟಿ ಮಳವಳ್ಳಿಯ ರಸ್ತೆಗೆ ತಿರುಗಿದ ಮೇಲೆ ಅವಳಿಗೆ ಬಾಯಿ ಬಂತು.

"ಅತ್ತೆ, ನಾನು..."

"ನಿಂಗೋಸ್ಕರ ಅನ್ಕಬ್ಯಾಡ," ಎಂದಳು ಬೆಟ್ಟಮ್ಮ, ಕಿಟಕಿಯಾಚೆ ಕಬ್ಬಿನ ಲಾರಿ ನೋಡುತ್ತ. "ಆ ಇಸ್ತ್ರಿ ಅಂಗಿ ಆಕ್ಕಂಡು ನನ್ ತಮ್ಮ ಅವ್ರ ಮುಂದೆ ಕೈ ಕಟ್ಕಂಡ್ ನಿಂತ್ಕಳದ ನೋಡಕ್ಕಾಗಕ್ಕಿಲ್ಲ ನನ್ ಕೈಲಿ. ಅಷ್ಟೇಯ." ಲಾರಿ ಹಿಂದಾದ ಮೇಲೆ ಕೇಳಿದಳು: "ಚೆನ್ನಾಗ್ ಬರುದ್ಯಾ?"

"ಬರೆದೆ ಅತ್ತೆ."

ವಿಷಯ ಮನೆಯಲ್ಲಿ ತಿಳಿಯಲು ಹೊತ್ತಾಗಲಿಲ್ಲ. ಸಿದ್ದರಾಮು ತಂಗಿಯ ಜೊತೆ ಮಾತು ಬಿಟ್ಟ. ತಟ್ಟೆ ತಾನೇ ಹಾಕಿಕೊಂಡು ಹೊರಗೆ ಕೂತು ಉಂಡು ಏಳುತ್ತಿದ್ದ. ಹುಚ್ಚೀರಯ್ಯ ಒಂದು ಬೆಳಗ್ಗೆ ಅಟ್ಟ ಹತ್ತಿ ತಮಟೆ ಇಳಿಸಿದ. ಚರ್ಮವನ್ನು ಇಲಿ ತಿಂದಿತ್ತು. ಬಳೆಯಂಥ ಕಟ್ಟು ಮಾತ್ರ ಉಳಿದಿತ್ತು. ಅದನ್ನು ತಿರುಗಿಸಿ ನೋಡಿ ಮತ್ತೆ ಮೇಲಿಟ್ಟ. ಬೆಟ್ಟಮ್ಮ ದಿನಾ ಹೊಲಕ್ಕೆ ಹೋಗಿ ಹಳದಿ ಕಲ್ಲುಗಳ ನಡುವೆ ಉಳಿದ ಸೊಪ್ಪನ್ನು ಕಿತ್ತು ತರುತ್ತಿದ್ದಳು. ಅದೇ ಸಾರು. ಶೋಭಾ ಮುದ್ದೆ ಮುರಿದು ಸಾರಿಗೆ ಅದ್ದದೆ ನುಂಗುತ್ತಿದ್ದಳು. "ಯಾಕವ್ವ, ಉಪ್ಪು ಕಮ್ಮೀಯ?" ಎಂದು ತಾಯಿ ಕೇಳುತ್ತಿದ್ದಳು.

ಹೆಸರು ಬಂದ ಮೇಲೆ ಗುರುವಾರಕ್ಕೆ ಬೆಲೆ ಹೋಗಿತ್ತು. ಚಿಕ್ಕನಂಜಮ್ಮ ಹಾಗಲಕಾಯಿ ಹುರಿಯತೊಡಗಿದ್ದಳು. ಅಕ್ಟೋಬರಿನ ಒಂದು ಗುರುವಾರ, ಮಧ್ಯಾಹ್ನ, ಬೆಟ್ಟಮ್ಮ ಹಿತ್ತಿಲಿಗೆ ಬಂದಳು.

"ಸೋಬಿ, ಇವತ್ತು ಗುರ್ವಾರ ಅಲ್ವ? ನೋಡ್ದೆ ಇದ್ದೀಯಲ್ಲ."

"ಇನ್ನೇನ್ ನೋಡೋದು ಅತ್ತೆ?"

"ನಂದು. ನಂದು ಬಂದದೇನೊ ನೋಡು."

ಶೋಭಾ ಬಟ್ಟೆಕಲ್ಲಿನ ಮೇಲೆ ಕೂತಳು. ಕಡತ ನಿಧಾನ ಇಳಿಯಿತು. ಈ ಸಲ ಒಂದೊಂದೇ ಪುಟ ತಿರುವಿದಳು: ಯಾವುದೋ ನಿಯಮದ ತಿದ್ದುಪಡಿ, ಯಾರದೋ ನೇಮಕ, ಯಾರದೋ ವರ್ಗ, ಯಾವುದೋ ಊರಿನ ಜಮೀನು. ನೂರ ನಲವತ್ತನೆಯ ಪುಟದಲ್ಲಿ ಆಲದಕೊಪ್ಪಲಿನ ಅಂತಿಮ ಅಧಿಸೂಚನೆ ಇತ್ತು. ಹೆಸರಿನ ಜಾಗದಲ್ಲಿ ಮತ್ತೆ ಅದೇ "ಸರ್ಕಾರಿ ಖರಾಬು".

"ಬಂದದೆ, ಅಲ್ವ?"

"ಬಂದಿದೆ ಅತ್ತೆ."

"ಇಲ್ ಬ್ಯಾಡ, ಬಾ." ಬೆಟ್ಟಮ್ಮ ಅವಳ ಕೈ ಹಿಡಿದು ಮನೆಯೊಳಗಿಂದ ದಾಟಿಸಿ ಬೀದಿಯ ಜಗುಲಿಗೆ ಕರೆತಂದಳು. ತಾನು ಕಂಬಕ್ಕೆ ಒರಗಿ ಕೂತಳು. "ನಿಂತ್ಕಂಡು ಓದು."

"ಅತ್ತೆ, ಬೀದೀಲಿ..."

"ಓದವ್ವ."

"ಆಲದಕೊಪ್ಪಲು ಗ್ರಾಮ," ಶೋಭಾ ಮೆಲ್ಲಗೆ ಶುರುಮಾಡಿದಳು.

"ನಂಗೇ ಕೇಳುಸ್ತಿಲ್ಲ. ನಿಮ್ಮಪ್ಪನ್ ಗಂಟ್ಲಿಗೆ ಮೇಲುಬೀದಿ ತಂಕ ಕೇಳುಸ್ತಿತ್ತು."

ಒಳಗೆ ಹಾಗಲಕಾಯಿ ಹುರಿಯುವ ಸದ್ದು ನಿಂತಿತು. ಹುಚ್ಚೀರಯ್ಯ ಬಾಗಿಲಿಗೆ ಬಂದು ನಿಂತ. ಎದುರುಮನೆಯ ಹೆಂಗಸು ಮೊರ ಹಿಡಿದು ಹೊರಗೆ ಬಂದಳು. ಅವಳ ಹಿಂದೆ ಇನ್ನೊಬ್ಬಳು. ಶೋಭಾ ಮೊಬೈಲನ್ನು ಎರಡೂ ಕೈಯಲ್ಲಿ ಹಿಡಿದು, ಜಗುಲಿಯ ಅಂಚಿಗೆ ಬಂದು, ಗಂಟಲು ಬಿಚ್ಚಿದಳು.

"ಆಲದಕೊಪ್ಪಲು ಗ್ರಾಮ! ಸರ್ವೆ ನಂಬರು ಎಂಬತ್ತೇಳು! ಹದಿನೆಂಟು ಗುಂಟೆ!"

"ಊಂ," ಎಂದಳು ಬೆಟ್ಟಮ್ಮ. "ಯಾರ್ದು ಅಂತ ಬರ್ದವ್ರೆ? ಅದ್ನೂ ಕೂಗು."